ಭೋಗ್ಯಕ್ಕೆ ಕೊಟ್ಟ ಮನೆ: ಲೀಸೋ, ಒತ್ತೆಯೋ?

ಬಲ್ಲವರಲ್ಲಿ ಒಂದು ಪ್ರಶ್ನೆ. ವರ್ಗವಾಗಿ ಹೊಳೆನರಸೀಪುರಕ್ಕೆ ಬಂದಿದ್ದೇನೆ. ಅಪ್ಪ, ಅಮ್ಮ, ಇಬ್ಬರು ಮಕ್ಕಳು, ವರ್ಷದಲ್ಲಿ ಆರು ತಿಂಗಳು ನಮ್ಮಲ್ಲೇ ಇರುವ ಸೋದರತ್ತೆ. ಎರಡು ಕೋಣೆಯ ಮನೆಯಲ್ಲಿ ನಡೆಯುವ ಸಂಸಾರವಲ್ಲ. ಸಿಕ್ಕಿದ್ದು ಹಳೇ ತೊಟ್ಟಿಮನೆ: ಬೀದಿಗೆ ಜಗುಲಿ, ಒಳಗೆ ಹಜಾರ, ಹಿಂದೆ ಹಂಡೆ ಹೂತಿಟ್ಟ ಬಚ್ಚಲು, ಹಿತ್ತಲಲ್ಲಿ ಎರಡು ತೆಂಗು. ಬಾಡಿಗೆ ಎಷ್ಟು ಅಂತ ಯಜಮಾನರನ್ನು ಕೇಳಿದೆ.

"ಬಾಡಿಗೆ ಮಾತೇ ಬ್ಯಾಡಿ ಸ್ವಾಮಿ. ಭೋಗ್ಯಕ್ಕಾದ್ರೆ ಕೊಡ್ತೀನಿ. ಆರು ಲಕ್ಷ, ಮೂರು ವರ್ಷ. ಬಿಡೋವಾಗ ನಿಮ್ಮ ದುಡ್ಡು ನಿಮಗೆ, ನಮ್ಮನೆ ನಮಗೆ."

ಪತ್ರ ಬರೆಯುವವರು ತಂದ ಕರಡು ನೋಡಿದರೆ ಮೊದಲ ಪುಟದಲ್ಲಿ 'ಭೋಗ್ಯ', ಎರಡನೆಯದರಲ್ಲಿ 'ಲೀಸು', ಮೂರನೆಯದರಲ್ಲಿ 'ಗೇಣಿ'. ಮೂರೂ ಒಂದೇ ಸಾರ್ ಅಂದರು. 'ಗೇಣಿ' ಕಂಡದ್ದೇ ಯಜಮಾನರು ಕನ್ನಡಕ ತೆಗೆದು ಕಾಗದ ಪಕ್ಕಕ್ಕಿಟ್ಟರು. 1974ರ ಭೂಸುಧಾರಣೆಯಲ್ಲಿ ಅವರ ತಂದೆಯ ಗದ್ದೆ ಗೇಣಿ ಮಾಡುತ್ತಿದ್ದವರಿಗೆ ಹೋಯಿತಂತೆ. ಆ ಕಾಯ್ದೆ ಸಾಗುವಳಿ ಜಮೀನಿನದು, ವಾಸದ ಮನೆಗೆ ತಗುಲುವುದಿಲ್ಲ ಅಂತ ಹೇಳಿ ನೋಡಿದೆ. "ಇರಬೌದು, ಆ ಮಾತು ಮಾತ್ರ ಹೊಡೆದುಹಾಕಿ" ಅಂದರು. ಹೊಡೆದುಹಾಕಿಸಿದೆ.

ಉಳಿದದ್ದು ಭೋಗ್ಯ ಮತ್ತು ಲೀಸು. ಇವೆರಡು ಒಂದೇ ಅಲ್ಲ ಅಂತ ನನ್ನ ವಾದ. ಧರ್ಮಶಾಸ್ತ್ರಗಳಲ್ಲಿ ಆಧಿ, ಅಂದರೆ ಒತ್ತೆ, ಎರಡು ಬಗೆ: ಗೋಪ್ಯ, ಭೋಗ್ಯ. ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಡಬೇಕಾದ ಒಡವೆ ಗೋಪ್ಯ. ಸಾಲ ಕೊಟ್ಟವನು ಇಟ್ಟುಕೊಂಡು ಅನುಭವಿಸಬಹುದಾದ ಹೊಲ, ಮನೆ ಭೋಗ್ಯ. ಗೋಪ್ಯವನ್ನು ಬಳಸಿಬಿಟ್ಟರೆ ಬಡ್ಡಿ ಕೇಳುವ ಹಾಗಿಲ್ಲ ಅಂತ ಯಾಜ್ಞವಲ್ಕ್ಯ ಸ್ಮೃತಿಯಲ್ಲಿದೆ. ನಮ್ಮ ಯಜಮಾನರ ಲೆಕ್ಕವೂ ಅದೇ. ನನ್ನ 6 ಲಕ್ಷ ಅವರ ಕೈಲಿ, ಅವರ ಮನೆ ನನ್ನ ಕೈಲಿ. ಅವರು ಬಡ್ಡಿ ಕೊಡುವುದಿಲ್ಲ, ನಾನು ಬಾಡಿಗೆ ಕೊಡುವುದಿಲ್ಲ. ಬಡ್ಡಿ ವರ್ಷಕ್ಕೆ ನೂರಕ್ಕೆ 7ರಂತೆ ಹಿಡಿದರೆ ತಿಂಗಳಿಗೆ 3,500. ಅಷ್ಟೇ ನಾನು ತೆರುವ ಬಾಡಿಗೆ. ಅಂದಮೇಲೆ ನಾನು ಬಾಡಿಗೆದಾರನೋ, ಸಾಲ ಕೊಟ್ಟವನೋ?

1882ರ ಸ್ವತ್ತು ವರ್ಗಾವಣೆ ಕಾಯ್ದೆಯೂ ಇವನ್ನು ಬೇರೆಬೇರೆ ಇಟ್ಟಿದೆ. ಲೀಸು 105ನೇ ಕಲಮು. ಸ್ವಾಧೀನ ಬಿಟ್ಟುಕೊಟ್ಟು, ಬಡ್ಡಿಗೆ ಬದಲಾಗಿ ಹುಟ್ಟುವಳಿ ಅನುಭವಿಸಲು ಬಿಡುವ ಅಡಮಾನ 58(ಡಿ). ಭೋಗ್ಯ ಎಂಬ ಮಾತು ಎರಡನೆಯದಕ್ಕೇ ಹತ್ತಿರ. ಪೇಟೆಯ ಬೋರ್ಡುಗಳಲ್ಲಿ ಮಾತ್ರ 'ಮನೆ ಭೋಗ್ಯಕ್ಕಿದೆ' ಅಂತ ಬರೆದು ಬಾಯಲ್ಲಿ ಲೀಸು ಅನ್ನುತ್ತಾರೆ. ಪಕ್ಕದ ತಮಿಳಿನಲ್ಲೂ ಮನೆಯನ್ನು 'ಪೋಕ್ಕಿಯ'ಕ್ಕೆ ಕೊಡುತ್ತಾರೆ, ಇದೇ ಪದ. ಅವರಲ್ಲಿ 'ಒತ್ತಿ' ಅಂತಲೂ ಇದೆ, ನಮ್ಮ ಒತ್ತೆಯ ಒಡಹುಟ್ಟು. ನಮ್ಮಲ್ಲಿ ಒಡವೆಯನ್ನು ಒತ್ತೆ ಇಡುತ್ತೇವೆ, ಮನುಷ್ಯರನ್ನು ಒತ್ತೆಯಾಳು ಮಾಡುತ್ತೇವೆ. ಮನೆಯನ್ನು ಒತ್ತೆಗೆ ಕೊಟ್ಟೆ ಅನ್ನುವುದನ್ನು ನಾನಂತೂ ಕೇಳಿಲ್ಲ. ಹಾಗಂದರೆ ಮರ್ಯಾದೆಗೇಡು ಅನ್ನಿಸುತ್ತದೋ ಏನೋ.

ಇನ್ನು ನನ್ನನ್ನು ಏನೆಂದು ಬರೆಯುವುದು? ಕರಡಿನಲ್ಲಿ 'ಭೋಗ್ಯದಾರರು' ಅಂತಿದೆ. ನನ್ನ ಹೆಂಡತಿ ಓದಿ ನಕ್ಕು, ಅವತ್ತಿನಿಂದ ಬೆಳಿಗ್ಗೆ ಕಾಫಿ ಕೊಡುವಾಗ "ತಗೊಳ್ಳಿ ಭೋಗಿಗಳೇ" ಅನ್ನುತ್ತಾಳೆ. ವ್ಯಾಕರಣ ಹಿಡಿದರೆ ಭೋಗ್ಯವಾಗಿರುವುದು ಮನೆ, ಅದನ್ನು ಹಿಡಿದವನು ಭೋಗ್ಯದಾರ, ತಪ್ಪೇನಿಲ್ಲ. ಆದರೆ ಆಡುಮಾತಿನಲ್ಲಿ ಹೀಗೆ ಕರೆಯುವವರು ಇದ್ದಾರೆಯೇ?

ಅಂದಹಾಗೆ ಕರಡಿನಲ್ಲಿ ಚಕ್ಕುಬಂದಿಯ, ಅಂದರೆ ನಾಲ್ಕು ದಿಕ್ಕಿನ ಎಲ್ಲೆಯ ವಿವರದ, ಕೆಳಗೆ 'ಹನ್ನೆರಡು ಅಂಕಣದ ನಾಡಹೆಂಚಿನ ಮನೆ' ಎಂದಿದೆ. ಮಗಳಿಗೆ ಅಂಕಣ ಅಂದರೆ ಪೇಪರಿನಲ್ಲಿ ಬರುವುದು, ಇಲ್ಲವೇ ಕಬಡ್ಡಿಯದು. ಕಂಬದಿಂದ ಕಂಬಕ್ಕೆ ನಡುವಿನ ಜಾಗ ಅಂತ ಹಜಾರದಲ್ಲಿ ನಿಲ್ಲಿಸಿ ತೋರಿಸಿದೆ. ಇಬ್ಬರೂ ಎಣಿಸಿದೆವು, ಹನ್ನೊಂದೇ ಸಿಕ್ಕಿತು. ಒಂದನ್ನು ಗೋಡೆ ಎಬ್ಬಿಸಿ ದಾಯಾದಿಗಳು ತಮ್ಮ ಕಡೆಗೆ ಹಾಕಿಕೊಂಡಿದ್ದಾರಂತೆ.

ಸೋಮವಾರ ಛಾಪಾ ಕಾಗದಕ್ಕೆ ಹೋಗುತ್ತಿದ್ದೇವೆ. ಧಾರವಾಡ, ಬಳ್ಳಾರಿ, ಮಂಗಳೂರು ಕಡೆಯವರು ಇಂಥ ವ್ಯವಹಾರಕ್ಕೆ ಏನನ್ನುತ್ತೀರಿ, ಒಳಗಿರುವವನನ್ನು ಏನೆಂದು ಕರೆಯುತ್ತೀರಿ, ಅಷ್ಟರೊಳಗೆ ತಿಳಿಸಿದರೆ ಉಪಕಾರ.