ಮಣ್ಣಿನ ಬಟ್ಟಲಿನ ಹೂದಳಗಳ ಮೇಲೆ ಮಾತ್ರ ಗ್ಲೇಜ್ ಸರಿಯುತ್ತಿದೆ, ಗುಲಾಬಿ ಬೂದಾಗುತ್ತಿದೆ: ಪರಿಹಾರ ಬೇಕು

ಮಣ್ಣಹೂವು (ಬೆನ್ಸನ್ ಟೌನ್):
ತಿಗರಿಯಲ್ಲಿ ಎತ್ತಿದ ಬಟ್ಟಲುಗಳನ್ನು 1000 ಡಿಗ್ರಿಗೆ ಬಿಸ್ಕ್ (ಗ್ಲೇಜ್ ಹಚ್ಚುವ ಮುಂಚಿನ ಮೊದಲ ಸುಡುವಿಕೆ) ಸುಟ್ಟು, ಅಂಡರ್‌ಗ್ಲೇಜ್ (ಗ್ಲೇಜ್‌ನ ಕೆಳಗೆ ಬರೆಯುವ) ಬಣ್ಣದಿಂದ ಕಣಗಿಲೆ, ಶಂಖಪುಷ್ಪ ಬರೆದು, ಪಾರದರ್ಶಕ ಗ್ಲೇಜ್‌ನಲ್ಲಿ (ಸುಟ್ಟಾಗ ಕರಗಿ ಗಾಜಿನಂತಾಗುವ ಲೇಪ) ಅದ್ದಿ 1220ಕ್ಕೆ ಸುಡುತ್ತಿದ್ದೇನೆ. ದಪ್ಪ ದಳಗಳ ಮೇಲೆ ಗ್ಲೇಜ್ ಹಿಂದೆ ಸರಿದು ಬಣ್ಣ ಒರಟಾಗಿ ಬಯಲಾಗುತ್ತಿದೆ. ತೆಳು ಗೆರೆಗಳಿಗೆ ಏನೂ ಆಗಿಲ್ಲ. ಶಂಖಪುಷ್ಪದ ನೀಲಿ ಸೊಗಸಾಗಿದೆ, ಆದರೆ ಕಣಗಿಲೆಯ ಗುಲಾಬಿ ಬೂದಾಗಿದೆ, ಎಲೆಯ ಹಸಿರು ಕಂದಿಗೆ ತಿರುಗಿದೆ. ಬೆಂಗಳೂರಿನ ಕುಂಬಾರರ ಬಡಾವಣೆಯಾದ ಪಾಟರಿ ಟೌನ್‌ನ ಹಿರಿಯರೊಬ್ಬರು ಮಳೆಗಾಲದ ಥಂಡಿಯೇ ಕಾರಣ ಎನ್ನುತ್ತಾರೆ.

ಆವಿಗೆಬೆಂಕಿ:
ಥಂಡಿಯೊಂದೇ ಕಾರಣವಾಗಿದ್ದರೆ ಗ್ಲೇಜ್ ದಳಗಳನ್ನೇ ಆರಿಸಿಕೊಂಡು ಸರಿಯುತ್ತಿರಲಿಲ್ಲ. ಬಣ್ಣದಲ್ಲಿ ಅಂಟು ಇರುತ್ತದೆ. ದಪ್ಪಗೆ ಬಳಿದ ಕಡೆ ಬಿಸ್ಕ್ ಆದ ಮಣ್ಣು ನೀರು ಹೀರುವುದಿಲ್ಲ, ಗ್ಲೇಜ್ ಗಟ್ಟಿಯಾಗಿ ಹಿಡಿಯದೆ ಒಣಗುವಾಗಲೇ ಬಿರುಕು ಬಿಡುತ್ತದೆ. ಕರಗಿದಾಗ ಆ ಬಿರುಕಿನಿಂದಲೇ ಎರಡೂ ಕಡೆಗೆ ಮುದುಡಿಕೊಳ್ಳುತ್ತದೆ. ಅದ್ದಿದ ಬಟ್ಟಲು ಒಣಗಿದ ಮೇಲೆ ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ದಳಗಳನ್ನು ನೋಡಿ. ಕೂದಲೆಳೆಯ ಬಿರುಕು ಕಂಡರೆ ಕಾರಣ ಇದೇ.

ಬಣ್ಣಕ್ಕೆ ನೀರು ಬೆರೆಸಿ ತೆಳುವಾಗಿ ಎರಡು ಕೈ ಬಳಿಯಿರಿ. ಬರೆದ ಬಟ್ಟಲನ್ನು 700 ಡಿಗ್ರಿಗೆ ಇನ್ನೊಮ್ಮೆ ಸುಟ್ಟರೆ ಅಂಟು ಉರಿದುಹೋಗುತ್ತದೆ, ವಿದ್ಯುತ್ ಖರ್ಚಾದರೂ ನಾನು ಇದನ್ನೇ ನಂಬುತ್ತೇನೆ. ಆರಿದ ಮೇಲೆ ಒದ್ದೆ ಸ್ಪಂಜಿನಿಂದ ಧೂಳು ಒರೆಸಿ, ಒಣಗಿಸಿ ಅದ್ದಿ. ಗ್ಲೇಜ್ ಗಟ್ಟಿಯಾಗಿದ್ದರೂ ಇದೇ ಕಾಟ: 100 ಮಿಲಿ ತೂಗಿದರೆ 140ರಿಂದ 145 ಗ್ರಾಂ ಇರಲಿ.

ಬಳಪದಕಲ್ಲು:
ಬಣ್ಣದ ತೊಂದರೆ ಬೇರೆಯೇ. ನಿಮ್ಮ ಗ್ಲೇಜ್‌ನಲ್ಲಿ ಸತುವಿನ ಆಕ್ಸೈಡ್ ಇದೆಯೇ? ಗುಲಾಬಿ ಹೆಚ್ಚಾಗಿ ಕ್ರೋಮ್-ತವರದ್ದು, ಅದಕ್ಕೆ ಸತು ಆಗಿಬರುವುದಿಲ್ಲ, ಕ್ಯಾಲ್ಸಿಯಂ ಧಾರಾಳವಾಗಿ ಬೇಕು. ಕ್ರೋಮ್‌ನ ಹಸಿರನ್ನೂ ಸತು ಕಂದಾಗಿಸುತ್ತದೆ. ಕೋಬಾಲ್ಟ್ ನೀಲಿ ಮಾತ್ರ ಜಗ್ಗದೆ ಉಳಿದಿದೆ ಎಂದಿರಿ, ಹಾಗಾಗಿ ನನ್ನ ಅನುಮಾನ ಸತುವಿನ ಮೇಲೆಯೇ.

ಮಣ್ಣಹೂವು:
ಟಾರ್ಚ್ ಬೆಳಕಿನಲ್ಲಿ ಬಿರುಕು ಸ್ಪಷ್ಟವಾಗಿ ಕಂಡಿತು. ಗ್ಲೇಜ್‌ನಲ್ಲಿ ಸತುವೂ ಇದೆ. ಸತುವಿಲ್ಲದ ಗ್ಲೇಜ್ ಹಚ್ಚಿದ ಪರೀಕ್ಷಾ ಬಿಲ್ಲೆಯಲ್ಲಿ ಕಣಗಿಲೆ ಗುಲಾಬಿಯಾಗಿಯೇ ಹೊರಬಂದಿದೆ! ಹಳೆಯ ಬಟ್ಟಲುಗಳನ್ನು ಉಳಿಸಬಹುದೇ?

ಆವಿಗೆಬೆಂಕಿ:
ಬಟ್ಟಲನ್ನು ಬಿಸಿ ಮಾಡಿ, ಬಯಲಾದ ಜಾಗಕ್ಕೆ ಅದೇ ಗ್ಲೇಜನ್ನು ಗಟ್ಟಿಯಾಗಿ ತಟ್ಟಿ ಮತ್ತೆ ಸುಡಿ. ಕೆಲವು ಮುಚ್ಚಿಕೊಳ್ಳುತ್ತವೆ, ಕೆಲವು ಮತ್ತೆ ಸರಿಯುತ್ತವೆ. ಬೂದಾದ ಬಣ್ಣ ಮರಳುವುದಿಲ್ಲ. ಒಳಮೈಯಲ್ಲಿ ಬಣ್ಣ ಬಯಲಾಗಿಯೇ ಉಳಿದ ಬಟ್ಟಲಿನಲ್ಲಿ ಸಾರು, ಮಜ್ಜಿಗೆ ಹಾಕಬೇಡಿ, ಮಾರಲೂ ಬೇಡಿ.