ಸ್ವಂತ ಗಾಡಿಗೆ ಕೆಂಪು-ನೀಲಿ ಲೈಟ್ ನಡೀತೈತೇನ್ರಿ? ವಕೀಲರಿಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ (ಉಣಕಲ್, ಹುಬ್ಬಳ್ಳಿ): ವಕೀಲ ಸಾಹೇಬ್ರ ನಮಸ್ಕಾರ್ರಿ. ಒಂದು ಸೆಕೆಂಡ್ ಹ್ಯಾಂಡ್ ಬೊಲೆರೊ ತಗೊಂಡೀನ್ರಿ, ಮೊದಲಿನ ಮಾಲಕ್ರು ಮುಂದಿನ ಗ್ರಿಲ್ ಒಳಗ ಕೆಂಪು-ನೀಲಿ ಫ್ಲ್ಯಾಷರ್ ಕುಂದ್ರಿಸ್ಯಾರ, ಸ್ಟೇರಿಂಗ್ ಕೆಳಗ ಅದಕ್ಕ ಬ್ಯಾರೆ ಸ್ವಿಚ್ ಐತಿ. ಆಕ್ಸೆಸರೀಸ್ ಅಂಗಡ್ಯಾಂವ ಅಂತಾನ, ಹಚ್ಚಲಿಲ್ಲಂದ್ರ ಯಾರೂ ಕೇಳಂಗಿಲ್ಲ, ಇರ್ಲಿ ಬಿಡ್ರಿ ಅಂತ. ನಮ್ಮ ಮಾಮಾ ಗ್ರಾಮ ಪಂಚಾಯ್ತಿ ಅಧ್ಯಕ್ಷರದಾರ, ಅವರು ಕುಂತಾಗರ ಹಚ್ಚಬಹುದಲ್ಲ ಅಂತ ಮನ್ಯಾಗ ದಿನಾ ಇದ ಮಾತು. ಏನ್ ಮಾಡ್ಲಿ?

ಉತ್ತರ: ತಗಸ್ರಿ, ಇವತ್ತ ತಗಸ್ರಿ. ಅಧ್ಯಕ್ಷರದ್ದಷ್ಟ ಅಲ್ಲ, ಎಂಎಲ್‌ಎ, ಮಂತ್ರಿ, ಹೈಕೋರ್ಟ್ ಜಡ್ಜ್ ಯಾರ ಗಾಡಿಗೂ ಹುದ್ದೆ ಸಲುವಾಗಿ ದೀಪ ಅನ್ನೂದು ಈಗ ಇಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮದಾಗ 108ನೇ ನಿಯಮ ಐತಿ ನೋಡ್ರಿ, ಗಾಡಿ ಮುಂದ ಕೆಂಪು ಬೆಳಕು ಕಾಣಬಾರದು, ಹಿಂದ ಕೆಂಪು ಬಿಟ್ಟು ಬ್ಯಾರೆ ಬಣ್ಣ ಕಾಣಬಾರದು, ಇಂಡಿಕೇಟರ್, ರಿವರ್ಸ್ ಲೈಟ್, ನಂಬರ್ ಪ್ಲೇಟ್ ಲೈಟ್ ಇಂಥವಕ್ಕಷ್ಟ ವಿನಾಯ್ತಿ. ಮೊದಲ ದೊಡ್ಡ ದೊಡ್ಡ ಹುದ್ದೆದವರಿಗೂ ವಿನಾಯ್ತಿ ಇತ್ತು ಖರೆ, 2013ರ ಡಿಸೆಂಬರ್‌ದಾಗ ಸುಪ್ರೀಂ ಕೋರ್ಟ್ ಅಭಯ ಸಿಂಗ್ ಕೇಸಿನ್ಯಾಗ ಅದನ್ನ ಬಿಗಿ ಮಾಡ್ತು, 2017ರ ಏಪ್ರಿಲ್‌ದಾಗ ಕೇಂದ್ರ ಸಂಪುಟ ಪೂರಾನ ತಗದು ಹಾಕಿ ಮೇ 1ರಿಂದ ಜಾರಿ ಮಾಡ್ತು. ರಾಷ್ಟ್ರಪತಿ, ಪ್ರಧಾನಿ ಗಾಡಿ ಮ್ಯಾಲಿಂದೂ ಹೋತು, ಇನ್ನ ಪಂಚಾಯ್ತಿ ಅಧ್ಯಕ್ಷರದು ಎಲ್ಲಿಂದ ಬರ್ಬೇಕ್ರಿ.

ಈಗ ಕೆಂಪು-ನೀಲಿ-ಬಿಳಿ ಮೂರೂ ಕೂಡಿದ ದೀಪ ಬರೇ ಬೆಂಕಿ ಆರಿಸೂ ಗಾಡಿಗೆ, ಕಾನೂನು ಸುವ್ಯವಸ್ಥೆ ಕೆಲಸಕ್ಕ ಹೋಗೂ ಪೊಲೀಸ್, ಸೇನೆ, ಅರೆಸೇನಾ ಪಡೆ ಗಾಡಿಗೆ, ಆಮ್ಯಾಲೆ ಭೂಕಂಪ, ಪ್ರವಾಹ ಇಂಥ ವಿಪತ್ತಿನ ಕೆಲಸದ ಗಾಡಿಗೆ. ಅದೂ ಡ್ಯೂಟಿ ಮ್ಯಾಲೆ ಇದ್ದಾಗಷ್ಟ, ಡ್ಯೂಟಿ ಇಲ್ಲಂದ್ರ ಹಚ್ಚೂ ಹಂಗಿಲ್ಲ. ಯಾವ್ಯಾವ ಇಲಾಖೆಗೆ ಅನುಮತಿ ಐತಿ ಅಂತ ರಾಜ್ಯದ ಸಾರಿಗೆ ಇಲಾಖೆ ವರ್ಷಕ್ಕೊಮ್ಮೆ ಪಟ್ಟಿ ಹೊರಡಿಸಬೇಕು, ಗಾಡಿ ಮುಂದಿನ ಗ್ಲಾಸಿಗೆ ಸ್ಟಿಕರ್ ಇರಬೇಕು. ಅಂದ್ರ ಕಾನೂನು ನೋಡೂದು ಗಾಡ್ಯಾಗ ಕುಂತವರ ಮಾರಿ ಅಲ್ಲ, ಗಾಡಿ ಹೊಂಟಿದ್ದು ಯಾವ ಕೆಲಸಕ್ಕ ಅನ್ನೂದನ್ನ.

ಹಚ್ಚಲಿಲ್ಲಂದ್ರ ನಡೀತೈತಿ ಅಂದಾನಲ್ಲ ಅಂಗಡ್ಯಾಂವ, ಅಂವಗ ಮಾರೂದು ಬೇಕಾಗಿರ್ತೈತ್ರಿ. ಮೋಟಾರು ವಾಹನ ಕಾಯ್ದೆದ 182ಎ(4)ನೇ ಕಲಮ್ ನೋಡ್ರಿ, ಅನುಮತಿ ಇಲ್ದ ಪಾರ್ಟ್ ಕೂಡಿಸಿ ಗಾಡಿ ಬದಲಿ ಮಾಡಿದ್ರ ಮಾಲಕಗ ಆರು ತಿಂಗಳ ತನಕ ಜೈಲು, ಇಲ್ಲಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲಾ ಎರಡೂ. ಸ್ವಿಚ್ ಬಂದ್ ಇತ್ರಿ ಅಂದ್ರ ಅಲ್ಲಿ ಉಪಯೋಗ ಇಲ್ಲ, ಕೂಡಿಸಿದ್ದ ತಪ್ಪು.

ಪ್ರಶ್ನೆ (ಕೇಶ್ವಾಪುರ): ಸರ ಹಿಡದ್ರ ಗಾಡಿ ಜಪ್ತಿ ಮಾಡ್ತಾರೇನ್ರಿ? ನಮ್ಮ ದೋಸ್ತ ಒಬ್ಬಂವ ಅಂತಾನ ಬರೇ 500 ಕೊಟ್ರ ಮುಗೀತು ಅಂತ.

ಉತ್ತರ: ನಿಮ್ಮ ದೋಸ್ತ ಹೇಳಿದ್ದು ಅರ್ಧ ಖರೆ. 177ನೇ ಕಲಮಿನ್ಯಾಗ ಮೊದಲನೇ ಸಲ 500, ಮತ್ತ ಸಿಕ್ರ 1,500 ತನಕ, 108ನೇ ನಿಯಮ ಮುರಿದಿದ್ದಕ್ಕ ಇದನ್ನ ಹಚ್ಚಬಹುದು. ಆದ್ರ ಪಾರ್ಟ್ ಕೂಡಿಸಿದ್ದಕ್ಕ 182ಎ(4) ಬ್ಯಾರೆ ಬೀಳ್ತೈತಿ. ಜಪ್ತಿ ಅಂದ್ರ, 207ನೇ ಕಲಮ್ ಇರೂದು ಲೈಸೆನ್ಸ್, ರಿಜಿಸ್ಟ್ರೇಷನ್, ಪರ್ಮಿಟ್ ಇಲ್ದ ಓಡಿಸೂ ಗಾಡಿ ಹಿಡಿಯಾಕ, ಬರೇ ಲೈಟ್ ಸಲುವಾಗಿ ಅದರ ಕೆಳಗ ಗಾಡಿ ಹಿಡ್ಯಾಕ ಬರಂಗಿಲ್ಲ. ಖರೆ ಹೆದರಿಕಿ ಇರೂದು ಇಲ್ಲಲ್ರಿ, ಬ್ಯಾರೆ ಕಡೆ ಐತಿ. ಲೈಟ್ ಹಚ್ಚಿ, ನಾ ಪೊಲೀಸ್ ಅದೀನಿ ಅಂತ ಟೋಲ್‌ನ್ಯಾಗೋ ಬೈಪಾಸ್ ಮ್ಯಾಲೋ ಯಾರನ್ನರ ಹೆದರಿಸಿದ್ರ ಅದು ಮೋಟಾರ್ ಕೇಸ್ ಉಳಿಯಂಗಿಲ್ಲ, ಭಾರತೀಯ ನ್ಯಾಯ ಸಂಹಿತೆ 204 ಆಗ್ತೈತಿ, ಸರ್ಕಾರಿ ನೌಕರ ಅಂತ ನಟಿಸಿದ್ದಕ್ಕ ಕಡಿಮ್ಯಂದ್ರೂ ಆರು ತಿಂಗಳ, ಮೂರು ವರ್ಷದ ತನಕ ಶಿಕ್ಷೆ. ಆವಾಗ ಗಾಡಿ ಪುರಾವೆ ಅಂತ ಸ್ಟೇಶನ್ ಮುಂದ ನಿಂದರ್ತೈತಿ, ಬಿಡಿಸ್ಕೊಳ್ಳಾಕ ಕೋರ್ಟಿಗೇ ಬರ್ಬೇಕು.

ಪ್ರಶ್ನೆ (ಧಾರವಾಡ): ನಾನು ಡಾಕ್ಟರ್ ರೀ. ರಾತ್ರಿ ಎಮರ್ಜೆನ್ಸಿ ಕಾಲ್ ಬಂದಾಗ ಹುಬ್ಬಳ್ಳಿಗೆ ಓಡಬೇಕಾಗ್ತದ. ನನ್ನ ಕಾರಿಗರ ನೀಲಿ ದೀಪ?

ಉತ್ತರ: ಇಲ್ಲ ಡಾಕ್ಟರ್ ಸಾಹೇಬ್ರ. ನಿಮ್ಮ ಕೆಲಸ ಎಮರ್ಜೆನ್ಸಿನ, ಆದ್ರ ಗಾಡಿ ಆಂಬುಲೆನ್ಸ್ ಅಲ್ಲ. ಗ್ಲಾಸ್ ಮ್ಯಾಲೆ ಹಚ್ಚೂ ಡಾಕ್ಟರ್ ಸ್ಟಿಕರಿಗೂ ಸಿಗ್ನಲ್ ಹಾರಿಸೂ ಹಕ್ಕು ಬರೂದಿಲ್ಲ (ಇದನ್ನ ನಮ್ಮ ವಕೀಲರ ಬ್ಯಾಂಡ್ ಸ್ಟಿಕರಿಗೂ ಹೇಳೀನಿ, ನಮ್ಮವರ ಸಿಟ್ಟಾಗ್ತಾರ).

ಪ್ರಶ್ನೆ (ಹಾವೇರಿ): ನಮ್ಮ ಯುವಕ ಸಂಘದಿಂದ ಹಳೇ ಓಮ್ನಿ ಒಂದನ್ನ ಊರ ಆಂಬುಲೆನ್ಸ್ ಮಾಡೂ ವಿಚಾರ ಐತ್ರಿ. ಮ್ಯಾಲೆ ಲೈಟ್, ಸೈರನ್ ಕೂಡಿಸಿ, ಬಾಜೂಕ ಆಂಬುಲೆನ್ಸ್ ಅಂತ ಬರಸಿದ್ರ ಸಾಕಾಗ್ತೈತೇನು?

ಉತ್ತರ: ಕೆಲಸ ಚಲೋದು, ದಾರಿ ಮಾತ್ರ ತಪ್ಪು. ಬರಸಿದ್ರ ಆಂಬುಲೆನ್ಸ್ ಆಗಂಗಿಲ್ರಿ, ಆರ್‌ಸಿ ಒಳಗ ಆಂಬುಲೆನ್ಸ್ ಅಂತ ಬರಬೇಕು, ಅದಕ್ಕ 52ನೇ ಕಲಮಿನ ಪ್ರಕಾರ ಆರ್‌ಟಿಓ ಮಂಜೂರಿ ಬೇಕು. ಮತ್ತ ದೇಶಕ್ಕ ಒಂದ ಆಂಬುಲೆನ್ಸ್ ಮಾನದಂಡ ಐತಿ, ಎಐಎಸ್-125, ಅದರಾಗ ಎ, ಬಿ, ಸಿ, ಡಿ ಅಂತ ನಾಕು ನಮೂನಿ, ಬರೇ ಪೇಶಂಟ್ ಸಾಗಿಸೂದು ಬಿ, ವೆಂಟಿಲೇಟರ್ ಎಲ್ಲಾ ಇರೂ ದೊಡ್ಡದು ಡಿ. ಹಳೇ ಓಮ್ನಿನ ಅದಕ್ಕ ಹೊಂದಸ್ಲಿಕ್ಕೆ ಹೋದ್ರ ರೊಕ್ಕಾ ಭಾಳ ಹೋಗ್ತೈತಿ, ಕಂಪನಿಯಿಂದನ ಆಂಬುಲೆನ್ಸ್ ಆಗಿ ಬರೂ ಇಕೋ ಐತಿ, ಅದರ ಲೆಕ್ಕಾ ಹಾಕಿ ನೋಡ್ರಿ, ಮೊದಲ ಆರ್‌ಟಿಓ ಆಫೀಸಿಗೆ ಹೋಗಿ ಬರವಣಿಗ್ಯಾಗ ಕೇಳ್ರಿ. ಲೈಟ್ ವಿಷಯಕ್ಕ ಬಂದ್ರ, ಪೇಶಂಟ್ ಒಯ್ಯೂ ಆಂಬುಲೆನ್ಸಿಗೆ ನೇರಳೆ ಗ್ಲಾಸಿನ ಒಳಗ ಮಿನುಗೂ ಕೆಂಪು ದೀಪ ಅಂತ ನಿಯಮದಾಗ ಬರದೈತಿ. ಸೈರನ್ 119ನೇ ನಿಯಮದಾಗ ಬರ್ತೈತಿ, ಮಾಮೂಲಿ ಗಾಡಿಗೆ ತರಾತರದ ಸದ್ದಿನ ಹಾರ್ನ್ ನಿಷಿದ್ಧ, ಆಂಬುಲೆನ್ಸ್, ಅಗ್ನಿಶಾಮಕ, ಪೊಲೀಸಿಗೆ ವಿನಾಯ್ತಿ. ಪೇಶಂಟ್ ಇಳಿಸಿ ಖಾಲಿ ಬರುವಾಗ ಎರಡೂ ಬಂದ್ ಮಾಡ್ರಿ, ಡ್ರೈವರಿಗೆ ಇದನ್ನ ಗಟ್ಟಿಯಾಗಿ ಹೇಳಿಡ್ರಿ, ಖಾಲಿ ಗಾಡಿ ಒದರ್ಕೋತ ಹೋದ್ರ ನಾಳೆ ಖರೆ ಪೇಶಂಟ್ ಇದ್ದಾಗ ಜನ ದಾರಿ ಬಿಡಂಗಿಲ್ಲ.

ಪ್ರಶ್ನೆ (ಗದಗ): ನಮ್ದು ಕ್ರೇನ್, ಬ್ರೇಕ್‌ಡೌನ್ ಗಾಡಿ ಎಳಿಯೂದು. ಕೆಂಪು-ನೀಲಿ ಬ್ಯಾಡ, ಹಳದಿ ತಿರುಗೂ ಲೈಟರ ಹಾಕಬಹುದಾ?

ಉತ್ತರ: ನಿಯಮದ ಅಕ್ಷರ ನೋಡಿದ್ರ, ಅಂಬರ್ (ಕಿತ್ತಳೆ-ಹಳದಿ) ಬೆಳಕು ಇಂಡಿಕೇಟರಿಗೆ ಐತಿ, ಟಾಪ್ ಲೈಟ್ ಆಗಿ ಅಂದ್ರ ಏರ್‌ಪೋರ್ಟ್, ಬಂದರು ಇಂಥ ಆವಾರದ ಒಳಗ ಓಡಾಡಿ ಸಾರ್ವಜನಿಕ ರಸ್ತೆಗೆ ಬರದ ಗಾಡಿಗೆ ಐತಿ. ಕಂಪನಿಯಿಂದನ ಬಂದು ಪಾಸಿಂಗ್ ಆಗಿದ್ರ ಮಾತು ಬ್ಯಾರೆ, ನೀವ ಹಾಕಿಸಿದ್ರ ತೊಂದ್ರಿ. ಕೆಟ್ಟ ಗಾಡಿ ಹತ್ರ ನಿಂತಾಗ ನಾಕೂ ಇಂಡಿಕೇಟರ್ ಹಚ್ಚಿ, ಹಿಂದ ಸಾಕಷ್ಟು ದೂರಕ್ಕ ತ್ರಿಕೋನದ ರಿಫ್ಲೆಕ್ಟರ್ ಇಡ್ರಿ, ಹುಡುಗರಿಗೆ ಮಿಂಚೂ ಜಾಕೆಟ್ ಕೊಡ್ರಿ. ತಿರುಗೂ ಲೈಟಿಗಿಂತ ಇದರಿಂದ ಜೀವ ಉಳಿಯೂದು ಜಾಸ್ತಿ.

ಪ್ರಶ್ನೆ (ಮುಂಡರಗಿ): ಕಬ್ಬಿನ ಸೀಸನ್ ಬಂತ್ರಿ ಸರ, ಟ್ರ್ಯಾಕ್ಟರ್ ಮುಂದ ಹುಡುಗರು ಬಣ್ಣಬಣ್ಣದ ಎಲ್‌ಇಡಿ ಪಟ್ಟಿ ಸುತ್ತಸ್ತಾರ, ದೂರಿಂದ ಕಾಣ್ತೈತಿ ಅಂತ.

ಉತ್ತರ: ಮುಂದ ಝಗಮಗ, ಹಿಂದ ಕತ್ತಲಿ, ಇದ ನಮ್ಮ ಕಡೆದ ದೊಡ್ಡ ರೋಗ್ರಿ. ಡಿಕ್ಕಿ ಆಗೂದು ಹಿಂದಿಂದ. ಟ್ರೇಲರ್ ಹಿಂದ ಕೆಂಪು, ಮುಂದ ಬಿಳಿ, ಬಾಜೂಕ ಹಳದಿ ರಿಫ್ಲೆಕ್ಟರ್ ಇರಬೇಕು, ಎರಡು ಟ್ರೇಲರ್ ಜೋಡಿಸಿದ್ರ ಹಿಂದಿನ ಟ್ರೇಲರಿಗಂತೂ ತಪ್ಪಿಸಬ್ಯಾಡ್ರಿ. ಕಬ್ಬು ಹೊರಗ ಚಾಚಿ ಆ ರಿಫ್ಲೆಕ್ಟರ್, ಟೇಲ್ ಲ್ಯಾಂಪ್ ಎರಡೂ ಮುಚ್ಚಿಬಿಟ್ಟಿರ್ತೈತಿ, ಕಬ್ಬಿನ ತುದಿಗೇ ಒಂದು ಕೆಂಪು ಮಿಂಚೂ ಫಲಕ ಕಟ್ರಿ, ಖರ್ಚು ಏನೂ ಇಲ್ಲ. ಮಾಲು ಅಳತಿ ಮೀರಿ ಚಾಚಿದ್ರ 194(1ಎ) ಐತಿ, 20,000 ದಂಡ ಪ್ಲಸ್ ಇಳಿಸೂ ಖರ್ಚು. ಮುಂದಿನ ಕೆಂಪು ಎಲ್‌ಇಡಿ ಪಟ್ಟಿ ಮತ್ತ ಅದ 108ಕ್ಕ ಬಡೀತೈತಿ, ತಗಸ್ರಿ.

ಪ್ರಶ್ನೆ (ವಿದ್ಯಾನಗರ): ಬೈಕಿಗೆ ಎಕ್ಸ್ಟ್ರಾ ಬಿಳಿ ಎಲ್‌ಇಡಿ?

ಉತ್ತರ: ಎದುರಿನವನ ಕಣ್ಣು ಕುಕ್ಕಿದ್ರ ಕೇಸ್. 2024ರ ಜುಲೈ 1ರಿಂದ ರಾಜ್ಯದ ತುಂಬ ಇದಕ್ಕ 177ರ ಕೆಳಗ ಕೇಸ್ ಹಾಕ್ತೀವಿ ಅಂತ ಪೊಲೀಸ್ರು ಹೇಳ್ಯಾರ.

ಪ್ರಶ್ನೆ (ನವನಗರ): ಹಿಂದಿಂದ ಒಂದು ಖಾಸಗಿ ಕಾರು ಲೈಟ್ ಮಿನುಗಿಸ್ಕೋತ, ಸೈರನ್ ಹೊಡ್ಕೋತ ಬಂದ್ರ ನಾವು ದಾರಿ ಬಿಡ್ಬೇಕೋ ಬ್ಯಾಡೋ?

ಉತ್ತರ: ಬಿಡ್ರಿ. ಒಳಗ ಯಾರದಾರ ಅಂತ ಆ ಗಳಿಗ್ಯಾಗ ನಿಮಗ ಗೊತ್ತಾಗಂಗಿಲ್ಲ, ಮತ್ತ ಖರೇ ಎಮರ್ಜೆನ್ಸಿ ಗಾಡಿಗೆ ದಾರಿ ಬಿಡಲಿಲ್ಲಂದ್ರ 194ಇ ಪ್ರಕಾರ ಆರು ತಿಂಗಳ ತನಕ ಜೈಲು, ಇಲ್ಲಾ 10,000 ದಂಡ, ಇಲ್ಲಾ ಎರಡೂ. ದಾರಿ ಬಿಟ್ಟ ಮ್ಯಾಲೆ ನಂಬರ್ ನೋಡಿಟ್ಕೊಂಡು, ಗಾಡಿ ಬಾಜೂಕ ನಿಂದರ್ಸಿ 112ಕ್ಕ ಫೋನ್ ಹಚ್ರಿ, ಯಾವ ರಸ್ತೆ, ಯಾವ ಕಡೆ ಹೊಂಟೈತಿ ಹೇಳ್ರಿ. ಬೆನ್ನು ಹತ್ತಿ ಅಡ್ಡ ಹಾಕಾಕ ಮಾತ್ರ ಹೋಗಬ್ಯಾಡ್ರಿ, ಆಮ್ಯಾಲೆ ನಿಮ್ಮ ಮ್ಯಾಲೆನ ಕೇಸ್ ಆಗ್ತೈತಿ.