ಅಲ್ಲಿ ಶಾಲೆ ಶುರುವಾಗಿ ಎರಡು ತಿಂಗಳಾಯಿತು, ಈಗ ಮಕ್ಕಳನ್ನು ಸೇರಿಸಬಹುದಾ?

ಮಲ್ಪೆ, ಈಗ ದುಬೈ
ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷ ಇಲ್ಲಿದ್ದು ಈಗ ಊರಿಗೇ ವಾಪಸ್ ಹೊರಟಿದ್ದೇವೆ. ಮನೆ ಉಡುಪಿಯಲ್ಲಿ ಮಾಡುವುದೋ ಮಂಗಳೂರಿನಲ್ಲೋ ಇನ್ನೂ ಗೊತ್ತಿಲ್ಲ, ಅದು ಇವರ ಕೆಲಸದ ಮೇಲೆ ಉಂಟು. ನನ್ನ ಚಿಂತೆ ಮಕ್ಕಳದ್ದು. ಮಗ ಇಲ್ಲಿ ಸಿಬಿಎಸ್‌ಇ, ಏಪ್ರಿಲ್‌ನಲ್ಲಿ ಆರನೆಗೆ ಹೋದ. ಮಗಳಿಗೆ ಅದೇ ಶಾಲೆಯಲ್ಲಿ ಸೀಟ್ ಸಿಗದೆ ಬ್ರಿಟಿಷ್ ಪಠ್ಯಕ್ರಮಕ್ಕೆ ಹಾಕಿದ್ದೆವು, ಇಯರ್ ಒನ್ ಮುಗಿಯಿತು. ಹುಟ್ಟಿದ್ದು 2019ರ ಆಗಸ್ಟ್. ಇಲ್ಲಿ ಈಗ, 2025ರ ಆಗಸ್ಟ್‌ನಲ್ಲಿ, ಬೇಸಿಗೆ ರಜೆ, 25ಕ್ಕೆ ಶಾಲೆ ತೆರೆಯುತ್ತದೆ. ಊರಲ್ಲಿ ಮೇ 29ಕ್ಕೇ ತೆರೆದಾಗಿದೆ. ಈ ತಿಂಗಳೇ ಹೋಗಿ ಸೇರಿಸಿದರೆ ಮಕ್ಕಳು ಹಿಂದೆ ಬೀಳುತ್ತಾರಾ? ಅಥವಾ ನಾನು ಮಕ್ಕಳನ್ನು ಇಟ್ಟುಕೊಂಡು ಮಾರ್ಚ್‌ವರೆಗೆ ಇಲ್ಲೇ ಇದ್ದು, ಇವರೊಬ್ಬರೇ ಮೊದಲು ಹೋಗುವುದಾ? ರಾತ್ರಿ ನಿದ್ದೆ ಬರುವುದಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.

ಕಾಪು, ಈಗ ಶಾರ್ಜಾ
ಅಕ್ಕ, ಮೊದಲು ಟಿ.ಸಿ. ಕೆಲಸ ಮಾಡಿ. ಇಲ್ಲಿನ ಶಾಲೆಯ ಟಿ.ಸಿ.ಗೆ ಯಾವ ಯಾವ ಇಲಾಖೆಯ ಮುದ್ರೆ ಬೇಕು ಅಂತ ಅಲ್ಲಿ ಸೇರಿಸುವ ಶಾಲೆಯವರನ್ನೇ ಕೇಳಿ ಬರೆದುಕೊಳ್ಳಿ. ಇಲ್ಲಿಂದ ಹೋದ ಮೇಲೆ ಅದಕ್ಕಾಗಿ ಮತ್ತೆ ಬರುವುದು ದೊಡ್ಡ ರಗಳೆ.

ಸುಳ್ಯ, ಈಗ ದಮಾಮ್
ತಂಗಿ, ಬೇರೆ ಬೇರೆ ಇರುವುದು ಮಾತ್ರ ಬೇಡ. ನಾನು 2009ರಲ್ಲಿ ಹೆಂಡತಿ ಮಕ್ಕಳನ್ನು ಶಾಲೆಯ ಲೆಕ್ಕ ನೋಡಿಯೇ ಊರಿಗೆ ಕಳಿಸಿದೆ. ಎರಡು ವರ್ಷದಲ್ಲಿ ನಾನೂ ಬರುತ್ತೇನೆ ಅಂದೆ. ಮಗಳ ಎಸ್ಸೆಸ್ಸೆಲ್ಸಿ ಆಯಿತು, ಪಿಯುಸಿ ಆಯಿತು, ನಾನು ಇಲ್ಲೇ ಇದ್ದೇನೆ. ಪ್ರತಿ ಸಲ ಮನೆಗೆ ಹೋದಾಗ ನನ್ನ ಚಪ್ಪಲಿ ಎಲ್ಲಿ ಬಿಡಬೇಕು ಅಂತ ಮಗ ತೋರಿಸುತ್ತಾನೆ, ನೆಂಟರಿಗೆ ತೋರಿಸಿದ ಹಾಗೆ. ಒಂದು ವರ್ಷ ಪಾಠ ಹಿಂದೆ ಬಿದ್ದರೆ ಓದಿಸಿ ಎಬ್ಬಿಸಬಹುದು.

ಸಾಲಿಗ್ರಾಮ, ಈಗ ನ್ಯೂಜೆರ್ಸಿ
ಹ್ವಾಯ್, ಎಲ್ಲರೂ ಬುಡ ಬಿಟ್ಟು ಕೊಂಬೆ ಹಿಡಿದಿದ್ದೀರಿ. ಈ ಮಗಳಿಗೆ ಇಷ್ಟು ತಲೆಬಿಸಿ ಯಾಕೆ ಬಂತು? ಕರಾವಳಿಯಲ್ಲಿ ಶಾಲೆ ಮೇ ಕೊನೆಗೆ ತೆರೆಯುವುದರಿಂದ. ಅದೇ ತಪ್ಪು ಅಂತ ನಾನು ಮೂವತ್ತು ವರ್ಷದಿಂದ ಹೇಳುತ್ತಾ ಬಂದಿದ್ದೇನೆ. ನಮ್ಮ ಜಿಲ್ಲೆಯ ವರ್ಷದ ಮಳೆಯಲ್ಲಿ ದೊಡ್ಡ ಪಾಲು ಜೂನ್, ಜುಲೈ ಎರಡೇ ತಿಂಗಳಲ್ಲಿ ಸುರಿಯುತ್ತದೆ. ಸರಿಯಾಗಿ ಆಗಲೇ ಆರು ವರ್ಷದ ಮಗುವಿನ ಬೆನ್ನಿಗೆ ಚೀಲ ಕಟ್ಟಿ ಗದ್ದೆ ಹುಣಿಯ ಮೇಲೆ ನಡೆಸುತ್ತೇವೆ. ಈ ಸಲ ಮುಂಗಾರು ಕೇರಳಕ್ಕೆ ಮೇ 24ಕ್ಕೇ ಮುಟ್ಟಿತು. ಶಾಲೆ ತೆರೆಯುವಾಗ ಆಕಾಶಕ್ಕೇ ತೂತು ಬಿದ್ದ ಹಾಗೆ ಮಳೆ. ರಾತ್ರಿ ಒಂಬತ್ತು ಗಂಟೆಗೆ ಜಿಲ್ಲಾಧಿಕಾರಿಗಳ ರಜೆ ಆದೇಶಕ್ಕಾಗಿ ತಾಯಂದಿರು ಫೋನ್ ಹಿಡಿದು ಕೂರಬೇಕು.

ಅಮೆರಿಕದಲ್ಲಿ ದೇಶಕ್ಕೆಲ್ಲ ಒಂದೇ ದಿನ ಅಂತ ಇಲ್ಲ. ಅಟ್ಲಾಂಟಾ ಕಡೆ ಆಗಸ್ಟ್ ಮೊದಲ ವಾರವೇ ಶುರು. ನ್ಯೂಯಾರ್ಕ್‌ನಲ್ಲಿ ಸೆಪ್ಟೆಂಬರ್‌ನ ಮೊದಲ ಸೋಮವಾರ, ಅಂದರೆ ಲೇಬರ್ ಡೇ, ಕಳೆದ ಮೇಲೆ. ವರ್ಜೀನಿಯಾದಲ್ಲಿ 1986ರಿಂದ 2019ರವರೆಗೆ ಲೇಬರ್ ಡೇ ಮುಗಿಯದೆ ಶಾಲೆ ತೆರೆಯಬಾರದು ಅಂತ ಕಾನೂನೇ ಇತ್ತು, ಪ್ರವಾಸಿಗರ ವ್ಯಾಪಾರ ಕೆಡಬಾರದು ಅಂತ. ವ್ಯಾಪಾರಕ್ಕಾಗಿ ಅವರು ಶಾಲೆ ಮುಂದೆ ಹಾಕಿದರು. ಮಕ್ಕಳ ಜೀವಕ್ಕಾಗಿ ನಾವು ಹಾಕಬಾರದಾ? ಮೊನ್ನೆ ಕೇರಳದ ಶಿಕ್ಷಣ ಸಚಿವರು ಏಪ್ರಿಲ್–ಮೇ ರಜೆಯನ್ನು ಜೂನ್–ಜುಲೈಗೆ ಬದಲಿಸುವುದಾ ಅಂತ ಜನರ ಮುಂದೆ ಚರ್ಚೆಗೆ ಇಟ್ಟರು. ದಕ್ಷಿಣ ಕನ್ನಡ, ಉಡುಪಿಗೂ ಹಾಗೇ ಆಗಬೇಕು. ಆಟಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತುಳು ತಿಂಗಳು, ಕಳೆದು ಶಾಲೆ ತೆರೆಯಲಿ. ಆಗ ಗಲ್ಫ್, ಅಮೆರಿಕ, ಇಂಗ್ಲೆಂಡಿನ ಮಕ್ಕಳ ರಜೆಯೂ ಊರಿನ ಮಕ್ಕಳ ರಜೆಯೂ ಒಂದೇ ಹೊತ್ತಿಗೆ ಬೀಳುತ್ತದೆ.

ಬ್ರಹ್ಮಾವರ, ಈಗ ಟೊರೊಂಟೊ
ಮಾಮ, ನೂರಕ್ಕೆ ನೂರು ಸರಿ. ಜುಲೈಯಲ್ಲಿ ನಾವು ಊರಿಗೆ ಹೋದರೆ ನಮ್ಮ ಮಕ್ಕಳು ಜಗಲಿಯಲ್ಲಿ ಕೂತು ಮಳೆ ನೋಡುವುದು, ಅಣ್ಣನ ಮಕ್ಕಳು ಶಾಲೆಗೆ ಹೋಗುವುದು. ಆಡುವುದು ಯಾರ ಜೊತೆ?

ಕಾರ್ಕಳ, ಈಗ ಮಸ್ಕತ್
ನನ್ನ ಅಕ್ಕ ಊರಲ್ಲಿ ಸರಕಾರಿ ಶಾಲೆಯ ಟೀಚರ್, ಅವಳಿಂದ ಕೇಳಿದ್ದನ್ನು ಹೇಳುತ್ತೇನೆ. ಸಾಲಿಗ್ರಾಮದ ಮಾಮ ಬೇಸರಿಸಬಾರದು. ಆಟಿ ಕಳೆದರೆ ಮಳೆ ಹೋಯಿತು ಅಂತ ಯಾರು ಹೇಳಿದ್ದು? ಬೈಂದೂರು ಕಡೆ ಕಾಲುಸಂಕದಿಂದ ಎರಡನೇ ತರಗತಿಯ ಮಗು ಹಳ್ಳಕ್ಕೆ ಬಿದ್ದು ಹೋದದ್ದು 2022ರ ಆಗಸ್ಟ್‌ನಲ್ಲಿ. ಅಲ್ಲಿ ಬೇಕಾದದ್ದು ಗಟ್ಟಿ ಸೇತುವೆ. ಶಾಲೆಯ ತಾರೀಕು ಬದಲಿಸಿದರೆ ಹಳ್ಳ ಬತ್ತುವುದಿಲ್ಲ. ಇನ್ನು ಏಪ್ರಿಲ್, ಮೇಯಲ್ಲಿ ಶಾಲೆ ನಡೆಸಿ ಅಂದರೆ ನೀರು ಎಲ್ಲಿಂದ? ಉಡುಪಿಗೆ ಸ್ವರ್ಣೆಯ ಬಜೆ ಅಣೆಕಟ್ಟು, ಮಂಗಳೂರಿಗೆ ನೇತ್ರಾವತಿಯ ತುಂಬೆ. ಬೇಸಿಗೆ ಕೊನೆಗೆ ಎರಡೂ ಕಡೆ ನೀರು ಇಳಿದರೆ ಮನೆಗಳಿಗೇ ದಿನ ಬಿಟ್ಟು ದಿನ ಬಿಡುವುದು. ಇನ್ನೂರು ಮಕ್ಕಳಿಗೆ ಬಿಸಿಯೂಟ ಬೇಯಿಸಿ, ತಟ್ಟೆ ತೊಳೆದು, ಶೌಚಾಲಯಕ್ಕೆ ಸುರಿಯಲು ಬಾವಿಯಲ್ಲಿ ನೀರು ಬೇಕಲ್ಲ? ಮಳೆ ರಜೆಯ ಪಾಠವನ್ನು ಶನಿವಾರ ಮಧ್ಯಾಹ್ನವೂ ಕೂತು ತುಂಬಿಸುತ್ತಾರೆ. ನನ್ನ ಅಕ್ಕನೇ ಕೂರುತ್ತಾಳೆ.

ಸಾಲಿಗ್ರಾಮ, ಈಗ ನ್ಯೂಜೆರ್ಸಿ
ಸೇತುವೆಯೂ ಬೇಕು, ತಾರೀಕೂ ಬದಲಾಗಬೇಕು. ನಾವು ಶಾಲೆಗೆ ಹೋಗುವಾಗ ಜೂನ್ 1ಕ್ಕೆ ಹಾಕಿದ ಅಂಗಿ ಗಣೇಶ ಚೌತಿವರೆಗೆ ಪೂರ್ತಿ ಒಣಗಿದ್ದಿಲ್ಲ. ಒದ್ದೆ ಅಂಗಿಯಲ್ಲಿ ಕೂತ ಮಗುವಿಗೆ ಮಗ್ಗಿ ತಲೆಗೆ ಹೋಗುತ್ತದಾ? ನನ್ನ ತಮ್ಮನಿಗೆ ಪ್ರತಿ ವರ್ಷ ಜೂನ್‌ನಲ್ಲೇ ಜ್ವರ. ಅವನು ಶಾಲೆ ಬಿಟ್ಟದ್ದು ಅದರಿಂದಲೇ. ಅದನ್ನು ನಾನು ಮರೆಯುವುದಿಲ್ಲ.

ಮೂಡುಬಿದಿರೆ, ಈಗ ಸಿಡ್ನಿ
ಇಲ್ಲಿ ಶಾಲೆ ಶುರುವಾಗುವುದು ಜನವರಿ ಕೊನೆಗೆ, ದೊಡ್ಡ ರಜೆ ಡಿಸೆಂಬರ್–ಜನವರಿ. ನಾವು ಆಗಲೇ ಊರಿಗೆ ಹೋಗುವುದು. ಕಂಬಳ, ಭೂತಕೋಲ, ಯಕ್ಷಗಾನ ಮೇಳದ ಆಟ ಎಲ್ಲ ಆ ಹೊತ್ತಿಗೆ ಉಂಟು. ನನ್ನ ಮಗ ಬೆಳಗಿನವರೆಗೆ ಆಟ ನೋಡಿ ಚೌಕಿಗೆ ಹೋಗಿ ಬಣ್ಣ ಹಚ್ಚುವುದನ್ನೂ ನೋಡಿ ಬಂದಿದ್ದಾನೆ, ಭಾಗವತರ ಪದ ಎರಡು ಬಾಯಿಗೆ ಬರುತ್ತದೆ. ಜುಲೈಯಲ್ಲಿ ಬರುವ ಮಕ್ಕಳಿಗೆ ಇದೆಲ್ಲ ಎಲ್ಲಿ? ಮೇ ಕೊನೆಗೆ ಪತ್ತನಾಜೆ ಬಂದರೆ ಮೇಳಗಳು ಗೆಜ್ಜೆ ಬಿಚ್ಚಿ ಆಯಿತು.

ಪುತ್ತೂರು, ಈಗ ಲಂಡನ್ ಹತ್ತಿರ
ಜುಲೈ, ಆಗಸ್ಟ್ ಅಂದರೆ ಏನೂ ಇಲ್ಲ ಅಂತ ಹೇಳಬೇಡಿ. ನಾವು ಪ್ರತಿ ವರ್ಷ ಆಟಿಯಲ್ಲೇ ಹೋಗುವುದು. ನನ್ನ ಅತ್ತೆ ಮಾಡುವ ಪತ್ರೊಡೆ, ಕಣಿಲೆ ಪಲ್ಯ, ತಜಂಕ್ ಅಂಬಡೆ, ಆಟಿ ಅಮಾವಾಸ್ಯೆಗೆ ಹಾಲೆ ಮರದ ತೊಗಟೆಯ ಕಷಾಯ ಬೇರೆ ತಿಂಗಳಲ್ಲಿ ಸಿಗುತ್ತದಾ? ಕೆಸರು ಗದ್ದೆಯ ಓಟದಲ್ಲಿ ನನ್ನ ಮಗಳು ಬಿದ್ದೆದ್ದು ಎರಡನೇ ಬಹುಮಾನ ತಂದಳು. ಇಲ್ಲಿ ಕಾಲಿಗೆ ಮಣ್ಣು ತಾಗಿದರೆ ಅಳುತ್ತಿದ್ದ ಹುಡುಗಿ ಅವಳು.

ಬ್ರಹ್ಮಾವರ, ಈಗ ಟೊರೊಂಟೊ
ಅದು ಸರಿ, ಆದರೆ ಕೋಲ ನೋಡದೆ ಬೆಳೆದ ಮಗುವಿಗೆ ಊರಿನ ಬೇರು ಹೇಗೆ ಗೊತ್ತಾಗಬೇಕು?

ಪುತ್ತೂರು, ಈಗ ಲಂಡನ್ ಹತ್ತಿರ
ಬೇರು ಇರುವುದು ಅಜ್ಜಿಯ ಮಾತಿನಲ್ಲಿ. ನನ್ನ ಮಕ್ಕಳು ಅತ್ತೆಯ ಹತ್ತಿರ ತುಳು, ನನ್ನ ಅಮ್ಮನ ಹತ್ತಿರ ಕನ್ನಡ ಮಾತಾಡುತ್ತಾರೆ. ಯಾವ ತಿಂಗಳಲ್ಲಿ ಹೋದರೂ ಅಜ್ಜಿ ಮನೆಯಲ್ಲೇ ಇರುತ್ತಾರೆ.

ಮಲ್ಪೆ, ಈಗ ದುಬೈ
ಎಲ್ಲರದ್ದೂ ಓದಿದೆ, ಸಂತೋಷ. ಆದರೆ ನಾನು ರಜೆಗೆ ಹೋಗುವುದಲ್ಲ, ಇರಲಿಕ್ಕೇ ಹೋಗುವುದು. ಮಗಳನ್ನು ಒಂದನೇ ತರಗತಿಗೆ ತೆಗೆದುಕೊಳ್ಳುತ್ತಾರಾ, ಯುಕೆಜಿಗೆ ಹಾಕುತ್ತಾರಾ? ಮಗನಿಗೆ ಇಲ್ಲಿ ಹಿಂದಿ, ಅರಬಿ. ಕನ್ನಡ, ತುಳು ಎರಡೂ ಚೆನ್ನಾಗಿ ಮಾತಾಡುತ್ತಾನೆ, ಬರೆಯಲು ಬರುವುದಿಲ್ಲ. ಅಪ್ಪನಿಗೆ ಬೋಟು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಇದ್ದಾಗ ಮನೆಯಲ್ಲೇ ಇದ್ದರು, ಮಕ್ಕಳನ್ನು ನಾನೇ ಶಾಲೆಗೆ ಬಿಡುತ್ತೇನೆ ಅಂತ ಕಾಯುತ್ತಿದ್ದರು. ನಾವು ಹೊರಡುವುದು ತಡವಾಯಿತು, ಅವರು ಈಗ ಕಡಲಿಗೆ ಇಳಿದಾಯಿತು.

ಸಾಲಿಗ್ರಾಮ, ಈಗ ನ್ಯೂಜೆರ್ಸಿ
ನೋಡಿ, ಇದೇ ನಾನು ಹೇಳಿದ್ದು. ಮೀನಿಗೂ ಮರಿಯಾಗಲಿ ಅಂತ 61 ದಿನ ಬಿಡುವು ಕೊಡುತ್ತೇವೆ. ಕಡಲಿಗೆ ಒಂದು ಲೆಕ್ಕ ಉಂಟು, ಗದ್ದೆಗೆ ಒಂದು ಲೆಕ್ಕ ಉಂಟು. ಶಾಲೆಗೆ ಮಾತ್ರ ಬೆಂಗಳೂರಿನ ಲೆಕ್ಕ. ಅಜ್ಜ ಮನೆಯಲ್ಲಿರುವ ಎರಡು ತಿಂಗಳು ಮೊಮ್ಮಕ್ಕಳಿಗೆ ಶಾಲೆ, ಅಜ್ಜ ಕಡಲಿಗೆ ಹೋದ ಮೇಲೆ ಸಂಜೆ ಮನೆಯಲ್ಲಿ ಯಾರೂ ಇಲ್ಲ. ನಾವೆಲ್ಲ ಸೇರಿ ಸರಕಾರಕ್ಕೆ ಒಂದು ಮನವಿ ಬರೆಯೋಣ. ಯಾರು ಯಾರು ಸಹಿ ಹಾಕುತ್ತೀರಿ?

ಬ್ರಹ್ಮಾವರ, ಈಗ ಟೊರೊಂಟೊ
ನಾನು.

ಬಂಟ್ವಾಳ, ಈಗ ಕತಾರ್
ನನ್ನದೂ ಹಾಕಿ ಮಾಮ.

ಕಾರ್ಕಳ, ಈಗ ಮಸ್ಕತ್
ನಾನು ಹಾಕುವುದಿಲ್ಲ. ಮೇ ತಿಂಗಳಲ್ಲಿ ತಗಡಿನ ಮಾಡಿನ ಅಡಿ ಒಂದು ಮಧ್ಯಾಹ್ನ ಕೂತು ನೋಡಿ, ಮತ್ತೆ ಮಾತಾಡುವ.

ಮೊದಲು ಅಬುಧಾಬಿ, ಈಗ ಸುರತ್ಕಲ್
ಅಕ್ಕ, ತಡವಾಗಿ ನೋಡಿದೆ. ನಾವು ಎರಡು ವರ್ಷದ ಹಿಂದೆ ಸರಿಯಾಗಿ ಆಗಸ್ಟ್‌ನಲ್ಲೇ ಬಂದದ್ದು, ಅದಕ್ಕೇ ಉದ್ದ ಬರೆಯುತ್ತೇನೆ.

ಮಗಳ ವಿಷಯ ಮೊದಲು. ಬ್ರಿಟಿಷ್ ಇಯರ್ ಒನ್ ಅಂದರೆ ನಮ್ಮ ಲೆಕ್ಕದಲ್ಲಿ ಯುಕೆಜಿ, ಇಯರ್ ಟೂ ಅಂದರೆ ಒಂದನೇ ತರಗತಿ. ಹಾಗಾಗಿ ಅವಳು ಮುಂದೂ ಇಲ್ಲ, ಹಿಂದೂ ಇಲ್ಲ. ಜೂನ್ 1ಕ್ಕೆ ಆರು ತುಂಬಿರಬೇಕು ಅಂತ ನಿಯಮ. ಆದರೆ 2025–26ಕ್ಕೆ ಮಾತ್ರ ಸರಕಾರ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲ ಮಾಡಿದೆ, ಯುಕೆಜಿ ಮುಗಿಸಿದ ಮಕ್ಕಳಿಗೆ. ನಿಮ್ಮ ಮಗಳಿಗೆ ಆ ದಿನಕ್ಕೆ 5 ವರ್ಷ 9 ತಿಂಗಳು. ರಾಜ್ಯ ಪಠ್ಯಕ್ರಮದ ಶಾಲೆಯಾದರೆ ಇದನ್ನೇ ಹೇಳಿ ಕೇಳಿ. ಸಿಬಿಎಸ್‌ಇ ಆದರೆ ಆ ಶಾಲೆಯವರು ಯಾವ ಲೆಕ್ಕ ಹಿಡಿಯುತ್ತಾರೆ ಅಂತ ಫೋನ್ ಮಾಡಿ ಕೇಳಬೇಕು. ಇಯರ್ ಒನ್ ಮುಗಿಸಿದ ಬಗ್ಗೆ ಶಾಲೆಯ ಕಾಗದ ಕೈಯಲ್ಲಿರಲಿ.

ಮಗನಿಗೆ ಸಿಬಿಎಸ್‌ಇಯಿಂದ ಸಿಬಿಎಸ್‌ಇಗೇ ಆದರೆ ಪುಸ್ತಕ ಹೆಚ್ಚು ಬದಲಾಗುವುದಿಲ್ಲ, ಏಪ್ರಿಲ್‌ನಿಂದ ಓದಿದ್ದು ದಂಡವಲ್ಲ. ಕಷ್ಟ ಕನ್ನಡದ್ದೇ. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯ ಪ್ರಕಾರ ಇಲ್ಲಿ ಎಲ್ಲ ಶಾಲೆಗಳೂ ಕನ್ನಡ ಕಲಿಸಬೇಕು. ನನ್ನ ಮಗ ಐದನೆಗೆ ಸೇರಿದ. ಅ ಆ ಇ ಈ ಹದಿನೈದು ದಿನದಲ್ಲಿ ಬಂತು, ಒತ್ತಕ್ಷರಕ್ಕೆ ಬಂದಾಗ ಪುಸ್ತಕ ಮುಚ್ಚಿಟ್ಟು ಅತ್ತ. 'ಅಮ್ಮ, ನಾನು ಮಾತಾಡುವ ಭಾಷೆಯೇ ನನಗೆ ಬರುವುದಿಲ್ಲ' ಅಂದ. ಆ ಮಾತು ನನಗೆ ಈಗಲೂ ನೆನಪಾಗುತ್ತದೆ. ಪಕ್ಕದ ಮನೆಯ ನಿವೃತ್ತ ಟೀಚರಮ್ಮ ಸಂಜೆ ಅವನನ್ನು ಕೂರಿಸಿಕೊಂಡು ಪುಸ್ತಕ ಬದಿಗಿಟ್ಟು ಬಸ್ಸಿನ ಬೋರ್ಡು ಓದಿಸಿದರು. ಕಿನ್ನಿಗೋಳಿ, ಕಟೀಲು, ಮುಕ್ಕ, ಪಡುಬಿದ್ರಿ. ಡಿಸೆಂಬರ್ ಹೊತ್ತಿಗೆ ಓದುತ್ತಿದ್ದ, ಬರವಣಿಗೆಗೆ ಇನ್ನೊಂದು ವರ್ಷ ಹಿಡಿಯಿತು. ನೀವು ಅಲ್ಲೇ ಈಗಿಂದ ದಿನಕ್ಕೆ ಅರ್ಧ ಗಂಟೆ ಶುರು ಮಾಡಿ.

ಈಗ ಬಂದರೆ ಪಾಠ ತುಂಬ ಹೋಗಿರುತ್ತದೆ ಅಂತ ಹೆದರಬೇಡಿ. ಮಳೆ ರಜೆಗಳಿಂದ ಪಾಠ ಅಷ್ಟು ಮುಂದೆ ಓಡಿರುವುದಿಲ್ಲ. ದಸರಾ ರಜೆಗೆ ಮೊದಲು ಅರ್ಧವಾರ್ಷಿಕ ಪರೀಕ್ಷೆ ಬರುತ್ತದೆ. ಅದರಲ್ಲಿ ಅಂಕ ಕಡಿಮೆ ಬರಲಿ, ಬಿಡಿ. ದಸರಾ ಕಳೆದು ಬಂದರೆ ಎರಡನೇ ಅವಧಿ, ಆಗ ಸ್ನೇಹಿತರ ಗುಂಪುಗಳೆಲ್ಲ ಕಟ್ಟಿ ಆಗಿರುತ್ತವೆ. ನನ್ನ ಮಗಳಿಗೆ ಗೆಳತಿ ಸಿಕ್ಕಿದ್ದು ಒಂದು ಮಳೆಯ ದಿನ, ಬಸ್ ಸ್ಟ್ಯಾಂಡಿನಲ್ಲಿ ಒಂದೇ ಕೊಡೆಯಲ್ಲಿ ಇಬ್ಬರೂ ನಿಂತು. ಮಾರ್ಚ್‌ವರೆಗೆ ಕಾಯಬೇಡಿ.

ಆಧಾರ್ ಬೇಗ ಮಾಡಿಸಿ. ಭಾರತೀಯ ಪಾಸ್‌ಪೋರ್ಟ್ ಇದ್ದ ಮಕ್ಕಳಿಗೆ ಊರಿಗೆ ಬಂದು 182 ದಿನ ಕಾಯುವುದು ಬೇಡ. ಶಾಲೆಯವರು ಸ್ಯಾಟ್ಸ್‌ನಲ್ಲಿ, ಅಂದರೆ ಸರಕಾರದ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಲ್ಲಿ, ಹೆಸರು ಹಾಕುವಾಗ ಪಾಸ್‌ಪೋರ್ಟ್, ಜನನ ಪತ್ರ, ಟಿ.ಸಿ. ಮೂರರಲ್ಲೂ ಹೆಸರಿನ ಅಕ್ಷರ ಒಂದೇ ಉಂಟಾ ಅಂತ ನೋಡಿ. ನಮಗೆ ಒಂದು ಅಕ್ಷರಕ್ಕಾಗಿ ಮೂರು ಸಲ ಓಡಾಟ ಆಯಿತು.

ಸಾಲಿಗ್ರಾಮ, ಈಗ ನ್ಯೂಜೆರ್ಸಿ
ಮನವಿಯ ಕರಡು ನಾಳೆ ಹಾಕುತ್ತೇನೆ. 'ಆಟಿ ಕಳೆದು ಶಾಲೆ' ಅಂತ ತಲೆಬರಹ.

ಸುಳ್ಯ, ಈಗ ದಮಾಮ್
ಸುರತ್ಕಲ್ ತಂಗಿ ಬರೆದದ್ದನ್ನು ಎಲ್ಲರೂ ಉಳಿಸಿಟ್ಟುಕೊಳ್ಳಿ. 2009ರಲ್ಲಿ ನನಗೆ ಹೀಗೆ ಹೇಳುವವರು ಯಾರೂ ಇರಲಿಲ್ಲ.

ಮಲ್ಪೆ, ಈಗ ದುಬೈ
ಸುರತ್ಕಲ್ ಅಕ್ಕ, ನಿಮ್ಮದನ್ನು ಇವರಿಗೂ ಓದಿ ಹೇಳಿದೆ. ಇವತ್ತು ಉಡುಪಿಯ ಎರಡು ಶಾಲೆಗೆ ಫೋನ್ ಮಾಡಿದೆವು, ಒಂದರಲ್ಲಿ ಇಬ್ಬರಿಗೂ ಸೀಟ್ ಉಂಟಂತೆ, ಮಕ್ಕಳನ್ನು ಕರೆದುಕೊಂಡು ಬನ್ನಿ ಅಂದರು. ಈ ತಿಂಗಳೇ ಹೊರಡುತ್ತೇವೆ, ನಾಲ್ವರೂ ಒಟ್ಟಿಗೆ. ಮಗ ಇವತ್ತು 'ಮಲ್ಪೆ' ಬರೆದ, ಲಕಾರದ ಅಡಿಗೆ ಪ ಒತ್ತು ಸರಿಯಾಗಿ ಹಾಕಿದ. ಅಪ್ಪನಿಗೆ ಫೋಟೋ ಕಳಿಸಿದ್ದೇನೆ, ಬೋಟು ದಡಕ್ಕೆ ಬಂದಾಗ ನೋಡುತ್ತಾರೆ. ಮಕ್ಕಳ ರೇನ್‌ಕೋಟು, ಕೊಡೆ ಇಲ್ಲಿಂದ ತರಬೇಕಾ?

ಮೊದಲು ಅಬುಧಾಬಿ, ಈಗ ಸುರತ್ಕಲ್
ಬೇಡ ಅಕ್ಕ, ಇಲ್ಲಿ ಬಂದು ತೆಗೆದುಕೊಳ್ಳಿ. ಅಲ್ಲಿಯ ಕೊಡೆ ನಮ್ಮ ಕಡಲ ಗಾಳಿಗೆ ನಿಲ್ಲುವುದಿಲ್ಲ.